ಜೇನುಕಲ್ಲು ಬೆಟ್ಟಕ್ಕೆ ದಾರಿ ಕೊಡುವುದಿಲ್ಲ

ಜೇನುಕಲ್ಲುದೊಡ್ಡಿ,
ಸಾತನೂರು ಹೋಬಳಿ, ಕನಕಪುರ ತಾಲ್ಲೂಕು.
17 ನವೆಂಬರ್ 2024, ಭಾನುವಾರ

ಭಾನು ಅಪ್ಪನಿಗೆ,

ಲತಾಮಣಿಯ ನಮಸ್ಕಾರಗಳು. ಮನೆಯಲ್ಲಿ ಯಾರಿಗೂ ಮೈಗೆ ಹುಷಾರಿಲ್ಲದೆ ಇಲ್ಲ. ಅತ್ತೆ, ಮಾವ, ಭಾನು, ಹಸುಗಳು ಎಲ್ಲರೂ ಚೆನ್ನಾಗಿದ್ದೇವೆ. ರಾಗಿ ತೆನೆ ಬಲಿತಿದೆ. ರೇಷ್ಮೆಹುಳು ಮೂರನೇ ಜ್ವರದಿಂದ ಎದ್ದು, ಪೊರೆ ಬಿಟ್ಟು ಸೊಪ್ಪು ಮೇಯುತ್ತಿವೆ. ಇಷ್ಟನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದುವಾಗ ಮನೆಯಲ್ಲಿ ಏನೋ ಆಗಿದೆ ಎಂದು ನೀವು ಗಾಬರಿಯಾಗಬಾರದು. ಏನೂ ಆಗಿಲ್ಲ. ನನಗೆ ಕೋಪ ಬಂದಿದೆ, ಅಷ್ಟೆ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀವು ಎರಡು ಆಡುತ್ತಿದ್ದಿರಿ, ಆಮೇಲೆ ಲೈನ್ ಕಟ್ ಆಗುತ್ತಿತ್ತು. ಅದು ಮೊಜಾಂಬಿಕ್‌ನ ಟವರಿನ ದೋಷವಲ್ಲ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ನಿಮ್ಮ ಜೊತೆ ಅಲ್ಲಿಯ ಕ್ವಾರಿಯಲ್ಲಿ ಮೆಷಿನ್ ರಿಪೇರಿ ಮಾಡುವ ಇಸ್ರಾರ್ ಅಣ್ಣ ರಜೆ ಮುಗಿಸಿ ಈ ವಾರ ಹೊರಡುತ್ತಾರಂತೆ. ನಾಳೆ ರಾಮನಗರಕ್ಕೆ ಗೂಡಿನ ಮಾರ್ಕೆಟ್ಟಿನ ಕೆಲಸಕ್ಕೆ ಹೋದಾಗ ಅವರ ಮನೆಗೆ ಹೋಗಿ ಇದನ್ನು ಅವರ ಹೆಂಡತಿ ಹಾಜಿರಾ ಅಕ್ಕನ ಕೈಯಲ್ಲಿ ಕೊಟ್ಟು ಬರುತ್ತೇನೆ. ಜೊತೆಗೆ ಹುರಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಇದೆ. ಕೋಪಕ್ಕೂ ಚಟ್ನಿಪುಡಿಗೂ ಸಂಬಂಧವಿಲ್ಲ. ತಿನ್ನಿ.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿಯೇ ಬರೆಯುತ್ತೇನೆ. ಇಲ್ಲ. ಜೇನುಕಲ್ಲು ಬೆಟ್ಟಕ್ಕೆ ಲಾರಿ ಹತ್ತುವ ರಸ್ತೆ ಮಾಡಲು ನಮ್ಮ ಹಿಪ್ಪುನೇರಳೆ ತೋಟ ಕೊಡುವುದಿಲ್ಲ. ನೀವು ಹೊರದೇಶಕ್ಕೆ ಹೊರಟ ವರ್ಷ, ಹುಳುಮನೆ ಕಟ್ಟಲು ಸಬ್ಸಿಡಿ ಸಿಗುತ್ತದೆಂದು ಮಾವ ಅದನ್ನು ನನ್ನ ಹೆಸರಿಗೆ ಮಾಡಿಸಿದರು. ಆಗ ನೀವೇ ನಗುತ್ತಾ, ಇನ್ನು ಮೇಲೆ ನಾನು ನಿನ್ನ ಗೇಣಿದಾರ ಎಂದಿದ್ದಿರಿ. ಈಗ ಅದೇ ಜಮೀನಿನ ವಿಷಯ ಬಂದಾಗ ನಾನು ನಡುವೆ ಯಾರು ಎನ್ನುವ ಹಾಗೆ ಮಾತಾಡುತ್ತೀರಿ.

ಯಾಕೆ ಕೊಡುವುದಿಲ್ಲ ಎಂದು ಹೇಳುವ ಮುಂಚೆ ಇನ್ನೊಂದು ಹೇಳಬೇಕು. ಊರಲ್ಲಿ ಕ್ವಾರಿ ತೆಗೆದರೆ ನಿಮ್ಮ ಕಂಪನಿಯವರು ನಿಮ್ಮನ್ನೇ ಮ್ಯಾನೇಜರ್ ಮಾಡಿ ಇಲ್ಲಿಗೆ ಕಳಿಸುತ್ತಾರೆ ಎಂದು ಬೇಸಿಗೆಯಲ್ಲಿ ನೀವು ಹೇಳಿದಿರಲ್ಲ, ಅವತ್ತು ಫೋನ್ ಇಟ್ಟ ಮೇಲೆ ನಾನು ಏನು ಮಾಡಿದೆ ಗೊತ್ತೇ? ಟ್ರಂಕಿನಿಂದ ನಿಮ್ಮ ಶರಟುಗಳನ್ನೆಲ್ಲ ತೆಗೆದು ಒಗೆದು ಹಿತ್ತಲ ತಂತಿಯ ಮೇಲೆ ಒಣಹಾಕಿದೆ. ಅತ್ತೆ ಅದನ್ನು ನೋಡಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ಕಬ್ಬಾಳಮ್ಮನಿಗೆ ಹರಕೆ ಕಟ್ಟಿಕೊಂಡರು. ಆದ್ದರಿಂದ ನಾನು ಕಲ್ಲು ಮನಸ್ಸಿನವಳು, ಗಂಡ ಬರುವುದು ಬೇಡದವಳು ಎಂದು ನಿಮ್ಮ ತಮ್ಮ ಲೋಕೇಶ ನಿಮಗೆ ಹೇಳಿದ್ದರೆ, ನಾನು ಶರಟು ಒಣಹಾಕಿದ್ದನ್ನು ಅವನು ನೋಡಿಲ್ಲ ಎಂದು ತಿಳಿದುಕೊಳ್ಳಿ.

ಮೊದಲು ನನಗೆ ಅನುಮಾನವೇ ಇರಲಿಲ್ಲ. ಕಂಪನಿಯ ಪರವಾಗಿ ಊರಿಗೆ ಬರುತ್ತಿದ್ದ ಯೋಗಾನಂದ ಒಳ್ಳೆಯ ಮಾತಿನವರು. ಡೈರಿ ಕಟ್ಟೆಯ ಮೇಲೆ ಕುಳಿತು, ನಿಮ್ಮ ಬೆಟ್ಟದ ಕಲ್ಲಿಗೆ ಇಟಲಿಯಲ್ಲಿ, ಚೀನಾದಲ್ಲಿ ಎಂಥ ಬೆಲೆ ಗೊತ್ತಾ, ನೀವು ಬಂಗಾರದ ಮೇಲೆ ಕೂತು ಮೇಕೆ ಮೇಯಿಸುತ್ತಿದ್ದೀರಿ ಎಂದರು. ದೇಶಕ್ಕೆ ಡಾಲರ್ ಬರುತ್ತದೆ ಎಂದರು. ಅತ್ತೆ ಹಾಲಿನ ಕ್ಯಾನು ಕೆಳಗಿಟ್ಟು, "ಅಲ್ಲ ಸಾಮಿ, ಆ ಡಾಲರ್ರು ನಮ್ಮ ಸಾತನೂರು ಬಸ್ಸಲ್ಲಿ ಬತ್ತದಾ, ಇಲ್ಲ ಬೆಂಗಳೂರಲ್ಲೇ ಇಳ್ಕಂಬುಡ್ತದಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಯೋಗಾನಂದರೂ ನಕ್ಕರು. ಹಾಗೇ ಎದ್ದು ಕಾರು ಹತ್ತಿದರು.

ನಕ್ಕು ಮನೆಗೆ ಬಂದ ಮೇಲೆ ಅತ್ತೆ ಕೇಳಿದ್ದು ನನ್ನ ತಲೆಯಿಂದ ಇಳಿಯಲಿಲ್ಲ. ಕಲ್ಲು ತೆಗೆದ ಊರು ಹೇಗಿರುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿಬಿಡೋಣ ಎನ್ನಿಸಿತು. ಡೈರಿ ಸೆಕ್ರೆಟರಿ ನಾಗಲಕ್ಷ್ಮಮ್ಮನವರ ತಂಗಿಯನ್ನು ಕೊಟ್ಟಿರುವುದು ಕ್ವಾರಿ ನಡೆದು ಮುಗಿದ ಕೆಂಪಗುಡ್ಡಕ್ಕೆ. ನಾಗಲಕ್ಷ್ಮಮ್ಮನವರೂ ನಾನೂ ಭಾನುವನ್ನು ಕರೆದುಕೊಂಡು ಬಸ್ಸು ಹತ್ತಿದೆವು.

ಕೆಂಪಗುಡ್ಡದಲ್ಲಿ ಗುಡ್ಡ ಇಲ್ಲ. ಬಸ್ಸು ಇಳಿದು ಗುಡ್ಡ ಎಲ್ಲಿ ಎಂದು ಭಾನು ಸುತ್ತ ನೋಡಿದಳು. ಗುಡ್ಡ ಇದ್ದ ಕಡೆ ಗುಂಡಿ, ಗುಂಡಿಯಲ್ಲಿ ಹಸಿರು ನೀರು. ಸುತ್ತ ಬೇಲಿಯೂ ಇಲ್ಲ. ಒಡೆದು ಬಿಸಾಕಿದ ಕಲ್ಲುಗಳು ಹೊಲದ ಅಂಚಿನ ತನಕ ಬಿದ್ದಿವೆ. ಕಂಪನಿಯವರು ಹಾಕಿಸಿದ ಟಾರು ರಸ್ತೆ ಇದೆ, ಅದು ಊರಿಂದ ಗುಂಡಿಯ ತನಕ ಮಾತ್ರ ಹೋಗುತ್ತದೆ. ಅವರೇ ಕಟ್ಟಿಸಿಕೊಟ್ಟ ಶಾಲೆಯ ಕೋಣೆಯ ಗೋಡೆ ಅವರದೇ ಸಿಡಿಮದ್ದಿಗೆ ಬಿರುಕು ಬಿಟ್ಟಿದೆ, ಅದಕ್ಕೆ ಬೀಗ ಹಾಕಿದ್ದಾರೆ.

ನಾಗಲಕ್ಷ್ಮಮ್ಮನವರ ತಂಗಿ ನಮಗೆ ಊಟಕ್ಕಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಇದ್ದಾಗ ಕೂಲಿ ಸಿಕ್ತು ಕಣಕ್ಕ, ಸುಳ್ಳು ಯಾಕೇಳನಾ. ನಮ್ಮನೆಗೆ ಹೆಂಚು ತೆಗ್ದು ಆರ್‌ಸಿಸಿ ಹಾಕ್ಸಿದ್ದು ಆ ಕೂಲೀಲೇಯ. ಆದ್ರೆ ಮಿಷಿನ್ ಓಡ್ಸೋರೆಲ್ಲ ಹೊರ್ಗಡೆಯೋರು. ನಮ್ಮೋರು ಬರೀ ಕಲ್ಲು ಎತ್ತಾಕೋರು. ಕಲ್ಲು ಮುಗೀತು, ಅವ್ರು ಹೊಂಟೋದ್ರು. ನಾವ್ ಎಲ್ಲಿಗೋಗನಾ?" ಅವರ ತೋಟಕ್ಕೂ ಹೋಗಿ ನೋಡಿದೆವು. ಕ್ವಾರಿ ಇದ್ದಷ್ಟು ಕಾಲ ಸೊಪ್ಪಿನ ಮೇಲೆ ಹಿಟ್ಟಿನ ಹಾಗೆ ಧೂಳು ಕೂರುತ್ತಿತ್ತಂತೆ. ಆ ಸೊಪ್ಪು ಹಾಕಿದರೆ ಹುಳು ಬಾಯಿ ಹಾಕದೆ ತಲೆ ಎತ್ತಿಕೊಂಡೇ ಇರುತ್ತಿತ್ತಂತೆ. ಬೇಸತ್ತು ಗಿಡ ಕಿತ್ತುಹಾಕಿದರು. ಈಗ ಧೂಳಿಲ್ಲ, ಆದರೆ ಗುಡ್ಡದ ನೀರು ಗುಂಡಿಗೆ ಇಳಿದು ಬೋರ್‌ವೆಲ್ ಒಣಗಿದೆ. ಗಂಡಸರು ಬೆಳಗಿನ ಬಸ್ಸಿಗೆ ಬೇರೆ ಊರಿನ ಕೂಲಿಗೆ ಹೋಗುತ್ತಾರೆ.

ಬಸ್ಸಿನಲ್ಲಿ ವಾಪಸು ಬರುವಾಗ ಭಾನು ಹೇಳಿದಳು, ಅವಳ ಬಿ.ಕಾಂ. ಪಾಠದಲ್ಲಿ ಇದೇ ಬರುತ್ತದಂತೆ. ನೆಲದೊಳಗಿನದನ್ನು ಹಾಗೇ ಬಗೆದು ಮಾರುವ ದೇಶಗಳು ಮಾರಿದಷ್ಟೂ ಬಡವಾಗಿಯೇ ಉಳಿಯುತ್ತವಂತೆ, ಅದನ್ನು ಕೊಂಡು ಕೆತ್ತಿ ಹೊಳಪು ಕೊಟ್ಟು ಮಾರುವವರು ಸಾಹುಕಾರರಾಗುತ್ತಾರಂತೆ. "ಅಮ್ಮ, ಪರೀಕ್ಷೇಲಿ ಬರೆಯೋವಾಗ ಇದು ಎಲ್ಲೋ ಆಫ್ರಿಕಾದ ವಿಷ್ಯ ಅಂದ್ಕಂಡಿದ್ದೆ" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕುಳಿತಳು. ಅವಳಿಗೆ ನಿಮ್ಮ ನೆನಪಾಗಿತ್ತು ಎಂದು ನನಗೆ ಗೊತ್ತಾಯಿತು.

ನನಗೂ ನಿಮ್ಮದೇ ನೆನಪು. ನೀವು ಹೋದ ಮೊದಲ ವರ್ಷ ಫೋನಿನಲ್ಲಿ ಒಬ್ಬ ಅಜ್ಜಿಯ ವಿಷಯ ಹೇಳಿದ್ದಿರಿ. ಕಲ್ಲಿನ ಲಾರಿ ಹೋಗುವ ದಾರಿಯಲ್ಲಿ ಕುಳಿತು ಕಡಲೆಕಾಯಿ ಮಾರುವವಳು. ನಿಮ್ಮನ್ನು ತಡೆದು, ನಿಮ್ಮ ದೇಶದಲ್ಲಿ ಬೆಟ್ಟ ಇಲ್ಲವಾ, ನಮ್ಮದನ್ನು ಯಾಕೆ ಹೊತ್ತುಕೊಂಡು ಹೋಗುತ್ತೀರಿ ಎಂದು ಕೇಳಿದಳಂತೆ. ಅದನ್ನು ಹೇಳುವಾಗ ನಿಮ್ಮ ದನಿ ಸಣ್ಣಗಾಗಿತ್ತು. ನಾನು ಹೊಟ್ಟೆಪಾಡು ಎಂದು ಸಮಾಧಾನ ಹೇಳಿದ್ದೆ. ಈಗ ಆ ಅಜ್ಜಿ ಮತ್ತೆ ಕೇಳಿದರೆ ಏನು ಹೇಳುತ್ತೀರಿ? ನಮ್ಮಲ್ಲೂ ಒಂದಿದೆ, ಅದಕ್ಕೂ ಗರಗಸ ಹಾಕುತ್ತಿದ್ದೇವೆ ಎಂದೇ? ಅವಳ ಬೆಟ್ಟಕ್ಕೆ ನೀವು ಪರದೇಶಿ. ನಮ್ಮ ಬೆಟ್ಟಕ್ಕೆ ಪರದೇಶಿಗಳನ್ನು ಕರೆತರುವವರು ಮಾತ್ರ ನೀವಾಗಬೇಡಿ.

ಕಲ್ಲೇ ಮುಟ್ಟಬಾರದು ಎಂದು ನಾನು ಹೇಳುವವಳಲ್ಲ. ನನ್ನ ತವರು ಚನ್ನಪಟ್ಟಣ. ನಮ್ಮಪ್ಪ ಆಲೆಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚಿ ಬುಗುರಿ ಮಾಡುತ್ತಿದ್ದುದನ್ನು ನೋಡುತ್ತಲೇ ಬೆಳೆದೆ. ಮರವನ್ನು ಮರವಾಗಿಯೇ ಮಾರಿದ್ದರೆ ನಮ್ಮ ಬೀದಿಯಲ್ಲಿ ಒಂದು ಮನೆ ಉಣ್ಣುತ್ತಿತ್ತು. ಆಟದ ಸಾಮಾನಾಗಿ ಮಾರಿದ್ದಕ್ಕೆ ಬೀದಿಗೆ ಬೀದಿಯೇ ಉಂಡಿತು. ಇಲ್ಲಿ ನೋಡಿ, ಗೂಡು ಮಾರಿ ಬಂದು ರೇಷ್ಮೆ ಸೀರೆ ಕೊಳ್ಳಲಾಗದ ಜನ ನಾವು. ಮದುವೆಗೆ ಸೀರೆ ತೆಗೆಯಲು ಹೋದಾಗ ಬೆಲೆ ಕೇಳಿ, ಇದು ನಮ್ಮ ಮನೆಯ ಹುಳು ಕಟ್ಟಿದ ದಾರವೇ ಇರಬಹುದಲ್ಲ ಎಂದು ಬೆರಳಲ್ಲಿ ಮುಟ್ಟಿ ನೋಡಿ ಕೆಳಗಿಡುತ್ತೇವೆ. ಆದರೂ ಹುಳು ತಿಂಗಳಿಗೆ ತಿಂಗಳು ಮತ್ತೆ ಗೂಡು ಕಟ್ಟುತ್ತದೆ, ಹಸು ದಿನಾ ಹಾಲು ಕೊಡುತ್ತದೆ. ಬೆಟ್ಟ ಮತ್ತೆ ಬೆಟ್ಟ ಕಟ್ಟುವುದಿಲ್ಲ. ಯೋಗಾನಂದರನ್ನು ಇದನ್ನೇ ಕೇಳಿದೆ. ಕೊಯ್ಯುವುದೂ ಪಾಲಿಶ್ ಮಾಡುವುದೂ ಇಲ್ಲೇ ಆಗುತ್ತದಾ, ನಮ್ಮ ಹುಡುಗ ಹುಡುಗಿಯರಿಗೆ ಆ ಕೆಲಸ ಕಲಿಸುತ್ತೀರಾ, ನೀರಿನ ಬಗ್ಗೆ ಬರೆದುಕೊಡುತ್ತೀರಾ? ಅವರು ಅದೆಲ್ಲ ಪಾಲಿಸಿ ಮ್ಯಾಟರ್ ಅಮ್ಮ ಎಂದರು. ಬ್ಲಾಕ್ ಬ್ಲಾಕಾಗಿ ಬಂದರಿಗೆ ಹೋಗುತ್ತದೆ, ಅಷ್ಟೇ ಅವರಿಗೆ ಗೊತ್ತಿರುವುದು.

ಅವತ್ತೇ ನಿಮಗೆ ಫೋನಿನಲ್ಲಿ ಆಗುವುದಿಲ್ಲ ಎಂದೆ. ಅಲ್ಲಿಂದ ನೀವು ನನ್ನ ಜೊತೆ ಮಾತು ಬಿಟ್ಟಿರಿ. ಭಾನು ಜೊತೆ ಮಾತ್ರ ಆಡುತ್ತೀರಿ. ಶರಟುಗಳನ್ನು ಮಡಿಸಿ ಮತ್ತೆ ಟ್ರಂಕಿಗೆ ಇಟ್ಟೆ. ಅತ್ತೆಯೂ ನನ್ನ ಜೊತೆ ಮಾತು ನಿಲ್ಲಿಸಿದರು. ಅವರು ನನ್ನನ್ನು ಬೈಯಲಿಲ್ಲ. ಒಂದೇ ಒಲೆಯ ಮುಂದೆ ಕುಳಿತು, ಉಪ್ಪು ಬೇಕಾದರೂ ಮಾವನ ಕೈಲಿ ಕೇಳಿಸುತ್ತಿದ್ದರು. ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆ. ಮಾವ ಮಾತ್ರ ಒಂದು ದಿನ ತೋಟದಲ್ಲಿ, "ನಿನ್ ಮನ್ಸಿಗೆ ಬಂದಂಗ್ ಮಾಡವ್ವ, ಹೆಸ್ರು ನಿಂದು" ಎಂದು ಹೇಳಿ ಎದ್ದುಹೋದರು. ನಿಮ್ಮಪ್ಪ ಬೋರಲಿಂಗಯ್ಯನವರ ಬಾಯಿಂದ ಅಷ್ಟು ಮಾತು ಬಂದರೆ ಅದೇ ದೊಡ್ಡದು ಎಂದು ನಿಮಗೆ ಗೊತ್ತಲ್ಲ.

ಇನ್ನು ಕಳೆದ ಸೋಮವಾರದ ವಿಷಯ. ಲೋಕೇಶ ನಿಮಗೆ ಅವನ ರೀತಿಯಲ್ಲಿ ಹೇಳಿರುತ್ತಾನೆ. ನನ್ನ ರೀತಿಯಲ್ಲಿ ಕೇಳಿ.

ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವ ಹೊತ್ತು. ಜೆಸಿಬಿ ಸದ್ದು ಕೇಳಿತು. ಮುಂದೆ ಲೋಕೇಶನ ಬೈಕು, ಹಿಂದೆ ಯೋಗಾನಂದರ ಕಾರು, ಅದರ ಹಿಂದೆ ಆ ಮೆಷಿನ್ನು, ನೇರ ನಮ್ಮ ತೋಟದ ಕಡೆಗೆ. ನಾನು ಕ್ಯಾನು ಅಲ್ಲೇ ಬಿಟ್ಟು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಅಂಚಿನ ಎರಡು ಸಾಲು ಗಿಡ ಬಕೆಟ್ಟಿನ ಕೆಳಗಾಗಿತ್ತು. ಮಾರನೆಯ ದಿನ ಹುಳುವಿಗೆ ಕೊಯ್ಯಬೇಕೆಂದು ಬಿಟ್ಟಿದ್ದ ಎಳೆಸೊಪ್ಪು.

ಯಾರು ಹೇಳಿದ್ದು ಎಂದು ಕೂಗಿದೆ. ಯೋಗಾನಂದರು ಕಾರಿನಿಂದ ಇಳಿದು, ನಿಮ್ಮ ಯಜಮಾನರೇ ಒಪ್ಪಿದ್ದಾರಲ್ಲ ತಾಯಿ ಎಂದು ಮೊಬೈಲು ಹಿಡಿದರು. ಅದರಲ್ಲಿ ಒಂದು ವಿಡಿಯೋ, ವಿಡಿಯೋದಲ್ಲಿ ನೀವು. ಅಷ್ಟು ಹೊತ್ತಿಗೆ ಡೈರಿಯ ಹೆಂಗಸರೆಲ್ಲ ನನ್ನ ಹಿಂದೆ ಬಂದು ನಿಂತಿದ್ದರು. ನೀವು ಹೇಳಿದ್ದು ಎಲ್ಲರಿಗೂ ಕೇಳಿಸಿತು. "ನಮ್ಮನೇವ್ಳು ಒಪ್ಕಂಡವ್ಳೆ. ತೋಟದ ಮ್ಯಾಲೆ ರಸ್ತೆ ಮಾಡ್ಕಳಿ. ನಮ್ದೇನೂ ತಕ್ರಾರಿಲ್ಲ."

ಅದು ನಿಮ್ಮದೇ ದನಿ. ನನ್ನ ಜೊತೆ ತಿಂಗಳುಗಟ್ಟಲೆ ಮಾತಾಡದ ದನಿ ಬೇರೊಬ್ಬರ ಮೊಬೈಲಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಮಾತಾಡಿತು. ಅದೂ ನಾನು ಆಡದ ಮಾತನ್ನು ನಾನು ಆಡಿದ್ದೇನೆಂದು. ನೀವು ಸೊರಗಿಹೋಗಿದ್ದೀರಿ. ಅಷ್ಟು ಕೋಪದಲ್ಲೂ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅದಕ್ಕೇ ಇನ್ನಷ್ಟು ಕೋಪ ಬಂತು.

ಇನ್ನೊಂದು ಸಲ ಹಾಕಿ ಎಂದೆ. ಹಾಕಿದರು. ಆಮೇಲೆ ನಾನು, "ಒಪ್ಕಂಡವ್ಳು ಅಂದ್ರಲ್ಲ, ಅವ್ಳು ನಾನೇಯ. ಇಲ್ಲೇ ನಿಂತಿವ್ನಿ. ನನ್ನೇ ಕೇಳ್ರಿ. ಒಪ್ಪಿಲ್ಲ, ಒಪ್ಪಕ್ಕಿಲ್ಲ" ಎಂದು ಹೇಳಿ ಬಕೆಟ್ಟಿನ ಮುಂದೆ ಹೋಗಿ ನಿಂತೆ. ಲೋಕೇಶ, "ಅತ್ಗೆ, ಅಣ್ಣನ್ ಮಾತ್ಗೆ ಒಸಿ ಬೆಲೆ ಕೊಡಿ, ಮಾನ ತೆಗೀಬ್ಯಾಡಿ" ಎಂದ. ಅವನು ಕ್ವಾರಿಯನ್ನು ನಂಬಿ ಟಿಪ್ಪರಿಗೆ ಅಡ್ವಾನ್ಸ್ ಕೊಟ್ಟಿದ್ದಾನೆ, ಅವನ ಸಂಕಟ ಅವನದು.

ಆಗ ಹಿಂದಿನಿಂದ ಗಂಟೆಯ ಸದ್ದು ಬಂತು. ಅತ್ತೆ. ಕೊಟ್ಟಿಗೆಯಿಂದ ನಮ್ಮ ಹಸುಗಳನ್ನೆಲ್ಲ ಬಿಚ್ಚಿಕೊಂಡು, ಕಂಕುಳಲ್ಲಿ ಗೂಟ ಇಟ್ಟುಕೊಂಡು ಬರುತ್ತಿದ್ದರು. ನನ್ನ ಮುಖವನ್ನೂ ನೋಡದೆ ಮೆಷಿನ್ನಿನ ಮುಂದೆ ಗೂಟ ಹೊಡೆದು ಒಂದೊಂದೇ ಹಸು ಕಟ್ಟಿದರು. ಲೋಕೇಶ ತಡೆಯಲು ಹೋದ. "ದೂರ ನಿಂತ್ಕಳ್ಲಾ. ದೊಡ್ಡೋನು ಬರ್ಲಿ ಅಂತ ನಾನೂ ಹರಕೆ ಹೊತ್ತಿವ್ನಿ. ಬರೋದಾದ್ರೆ ಈ ಬೆಟ್ಟ ನೋಡ್ಕಂಡು ಬರ್ಲಿ, ಬೆಟ್ಟ ತಿನ್ಕಂಡು ಬರೋದು ಬ್ಯಾಡ" ಎಂದರು. ಆಮೇಲೆ ಯೋಗಾನಂದರ ಕಡೆ ತಿರುಗಿ, "ನೀನು ಓದಿರೋನು ಕಣಪ್ಪ. ಗಂಡ ಒಪ್ಪಿದ್ರೆ ಹೆಂಡ್ತಿ ಜಮೀನು ಅಗೀಬೋದು ಅಂತ ಯಾವ ಸ್ಕೂಲಲ್ಲಿ ಹೇಳ್ಕೊಟ್ರು?" ಎಂದು ಕೇಳಿದರು.

ಅದನ್ನು ನೋಡಿ ಉಳಿದ ಹೆಂಗಸರೂ ಮನೆಗಳಿಗೆ ಹೋಗಿ ಹಸು ಹಿಡಿದುಕೊಂಡು ಬಂದರು. ತೋಟದ ಅಂಚಿನಿಂದ ಡೈರಿಯ ತನಕ ದನವೇ ದನ. ಜೆಸಿಬಿ ಡ್ರೈವರು ಎಲ್ಲಿಯವನೋ ಪಾಪ, ಇಂಜಿನ್ ಆಫ್ ಮಾಡಿ ಇಳಿದು, ಅಷ್ಟು ದೂರ ಹೋಗಿ ಹೊಂಗೆಮರದ ಕೆಳಗೆ ಕುಳಿತ. ನಾಗಲಕ್ಷ್ಮಮ್ಮ ಅವನಿಗೂ ಮಜ್ಜಿಗೆ ಕೊಟ್ಟರು. ಮಧ್ಯಾಹ್ನ ಪೊಲೀಸರು ಬಂದರು. ಜಮೀನಿನ ದಾಖಲೆಯಲ್ಲಿ ನನ್ನ ಹೆಸರು ನೋಡಿ ಮೆಷಿನ್ನನ್ನು ವಾಪಸು ಕಳಿಸಿದರು. ಅವತ್ತು ಡೈರಿಯಲ್ಲಿ ಹಾಲು ಅಳೆಯುವುದು ಅಲ್ಲಿಗೇ ನಿಂತಿತು. ಎಲ್ಲ ಮನೆಯಲ್ಲೂ ಮೊಸರು ಹಾಕಿದೆವು.

ಶುಕ್ರವಾರ ಗ್ರಾಮಸಭೆ ನಡೆಯಿತು. ಕ್ವಾರಿ ಬೇಡ ಎನ್ನುವವರು ಕೈ ಎತ್ತಿ ಎಂದಾಗ ಅತ್ತೆ ಎರಡೂ ಕೈ ಎತ್ತಿದ್ದಕ್ಕೆ ಪಿಡಿಒ ಒಂದು ಇಳಿಸಿ ತಾಯಿ ಎನ್ನಬೇಕಾಯಿತು. ಕ್ವಾರಿ ಬೇಕು ಎಂದವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಲೋಕೇಶನ ಜೊತೆಯವರು. ಅವರಿಗೆ ಕೆಲಸ ಬೇಕು, ಅದು ತಪ್ಪಲ್ಲ. ಆದರೆ ಬೇಡ ಎಂದವರೇ ಹೆಚ್ಚು. ನೀರಿನ ಸರ್ವೆ ಆಗುವ ತನಕ ಬೆಟ್ಟಕ್ಕೆ ಕೈ ಹಾಕಬಾರದೆಂದು ಮೇಲಿನ ಅಧಿಕಾರಿಗಳೂ ಆದೇಶ ಮಾಡಿದ್ದಾರೆ. ಗೆದ್ದೆವು ಎಂದು ನಾನು ಬರೆಯುವುದಿಲ್ಲ. ಮತ್ತೆ ಬರುತ್ತಾರೆ, ಬೇರೆ ಕಂಪನಿ ಬರುತ್ತದೆ. ಬರಲಿ. ಹಸು ಕಟ್ಟುವ ಗೂಟಗಳು ಹೊಡೆದ ಜಾಗದಲ್ಲೇ ಇವೆ, ಕೀಳುವುದು ಬೇಡ ಎಂದು ಅತ್ತೆ ಹೇಳಿದ್ದಾರೆ. ಹೌದು, ಅವರು ನನ್ನ ಜೊತೆ ಮಾತಾಡುತ್ತಾರೆ ಈಗ. ಸೋಮವಾರ ಸಂಜೆ ಒಲೆಯ ಮುಂದೆ, "ಲತಾ, ಒಸಿ ಉಪ್ಪು ಕೊಡು" ಎಂದರು. ಉಪ್ಪಿನ ಡಬ್ಬಿ ಅವರ ಪಕ್ಕದಲ್ಲೇ ಇತ್ತು.

ಸಭೆ ಮುಗಿದು ಹೊರಡುವಾಗ ಯೋಗಾನಂದರು ನನ್ನ ಹತ್ತಿರ ಬಂದು, ಮೆಲ್ಲಗೆ, ನಿಮ್ಮ ಯಜಮಾನರು ದೇವರಾಜು ಅವರ ಕಾಂಟ್ರಾಕ್ಟ್ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವುದು ಇನ್ನು ಕಷ್ಟ ಎಂದರು. ಹೆದರಿಸಿದ್ದು. ನಾನು, ಹಾಗಾದರೆ ಏಪ್ರಿಲಿಗೆ ಮನೆಗೆ ಬರುತ್ತಾರೆ, ಒಳ್ಳೆಯದಾಯಿತು ಬಿಡಿ ಎಂದೆ. ನಿಮ್ಮ ಕೆಲಸ ನನ್ನಿಂದ ಹೋಗಬಹುದು. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಇಲ್ಲಿ ತೋಟ ಇದೆ, ಹುಳುಮನೆಯ ಇನ್ನೊಂದು ಅಂಕಣ ಖಾಲಿ ಇದೆ. ಕಲ್ಲನ್ನೇ ಕೊಯ್ದ ಕೈಗೆ ಸೊಪ್ಪು ಕೊಯ್ಯುವುದು ಅವಮಾನ ಎನ್ನಿಸಿದರೆ ಅಲ್ಲೇ ಇರಿ. ಅನ್ನಿಸದಿದ್ದರೆ ಬನ್ನಿ. ಮ್ಯಾನೇಜರಾಗಿ ಬೇಡ, ಭಾನು ಅಪ್ಪನಾಗಿ ಬನ್ನಿ.

ಆ ಮೊಬೈಲಿನ ಮಾತಿಗೆ ನೀವು ನನಗೆ ಉತ್ತರ ಹೇಳಬೇಕು. ಕಾಗದದಲ್ಲಿ ಬೇಡ, ಫೋನಿನಲ್ಲೂ ಬೇಡ. ಎದುರಿಗೆ ಕುಳಿತು ಹೇಳಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಜೇನುಕಲ್ಲುದೊಡ್ಡಿಯ
ಲತಾಮಣಿ

ವಿ.ಸೂ.: ಇದನ್ನು ಬೇರೆಯವರ ಬಾಯಿಂದ ಕೇಳಬಾರದೆಂದು ಬರೆಯುತ್ತಿದ್ದೇನೆ. ಸೋಮವಾರವೇ ಠಾಣೆಗೆ ಹೋಗಿ ದೂರು ಕೊಟ್ಟೆ. ಅದರಲ್ಲಿ ಯೋಗಾನಂದರ ಹೆಸರಿನ ಕೆಳಗೆ ನಿಮ್ಮ ಹೆಸರೂ ಇದೆ. ಬರೆಸಿದವಳು ನಾನೇ. ಗಂಡನ ಹೆಸರು ಬೇಕೇ ತಾಯಿ, ಯೋಚನೆ ಮಾಡಿ ಎಂದು ಸಬ್‌ಇನ್ಸ್‌ಪೆಕ್ಟರ್ ಹೇಳಿದರು. ಸುಳ್ಳು ಒಪ್ಪಿಗೆ ಕೊಟ್ಟವರು ಯಾರೋ ಅವರ ಹೆಸರು ಬರೆಯಿರಿ ಎಂದೆ. ನೀವು ಬಂದ ದಿನ ಹೆದರಿಕೊಂಡು ಬೇರೆ ಎಲ್ಲೂ ಇಳಿಯಬೇಡಿ, ನೇರ ಮನೆಗೆ ಬನ್ನಿ. ಮುದ್ದೆ ಉಂಡು ಆಮೇಲೆ ಇಬ್ಬರೂ ಸೇರಿಯೇ ಹೋಗೋಣ. ಜಾಮೀನಿಗೆ ಜಮೀನಿರುವ ಒಬ್ಬರು ಬೇಕಂತೆ. ನಾನು ನಿಲ್ಲುತ್ತೇನೆ.